ವಾಟ್ಸಾಪ್ ಗ್ರೂಪಲ್ಲಿ ವಾದ ಸೋತ ಮೇಲೆ ಮತ್ತೆ ಬಾಯಿ ಬಿಡೋದು ಹೇಗೆ?

ಮೂರನೇ ಮಹಡಿ:
ನಮ್ಮ ಅಪಾರ್ಟ್‌ಮೆಂಟ್ ಇರುವುದು ಬೇಗೂರಿನಲ್ಲಿ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋಗಿದ್ದು ಇಲ್ಲೇ.

ಶನಿವಾರ ರಾತ್ರಿ ಗ್ರೂಪಿನಲ್ಲಿ ಯಾರೋ ಬೆಂಗಳೂರಿಗೆ ಈ ಹೆಸರು ಹೇಗೆ ಬಂತು ಅಂತ ಕೇಳಿದರು. ನಾನು ಬೆಂದ ಕಾಳಿನ ಕಥೆ ಬರೆದೆ. ವೀರಬಲ್ಲಾಳ ಬೇಟೆಗೆ ಬಂದು ದಾರಿ ತಪ್ಪಿದ, ಅಜ್ಜಿ ಬೆಂದ ಕಾಳು ಕೊಟ್ಟಳು, ಊರು ಬೆಂದಕಾಳೂರಾಯಿತು. ಕೆಳಗಿನ ಮನೆಯ ರಿಟೈರ್ಡ್ ಮೇಷ್ಟ್ರು, 'ಅದು ಕಥೆ ಅಷ್ಟೇ, ಹೆಸರು ಬಲ್ಲಾಳನಿಗಿಂತ ಹಳೆಯದು' ಅಂದರು. ಅಲ್ಲಿಗೆ ಬಿಡಬೇಕಿತ್ತು. ಬಿಡಲಿಲ್ಲ. ಒಂದೂವರೆವರೆಗೆ ಟೈಪ್ ಮಾಡಿದೆ. 'ಸುಮ್ನೆ ಮಾತು ಬೇಡ, ಸಾಕ್ಷಿ ಕೊಡಿ ಸಾರ್' ಅಂತ ನಾಲ್ಕು ಸಲ ಬರೆದೆ. ನಾಲ್ಕನೆಯದರಲ್ಲಿ 'ಸಾರ್' ಇರಲಿಲ್ಲ.

ಬೆಳಗ್ಗೆ ಏಳಕ್ಕೆ ಒಂದು ಫೋಟೋ ಬಂತು. ಮೇಷ್ಟ್ರು ಮಂಕಿ ಕ್ಯಾಪ್ ಹಾಕಿಕೊಂಡು ನಮ್ಮೂರಿನದೇ ನಾಗೇಶ್ವರ ದೇವಸ್ಥಾನದಲ್ಲಿ ಒಂದು ಕಲ್ಲಿನ ಪಕ್ಕ ನಿಂತಿದ್ದಾರೆ. ಸುಮಾರು ಕ್ರಿ.ಶ. 890ರ, ಗಂಗರ ಕಾಲದ ಶಾಸನ. 'ಬೆಂಗಳೂರ ಕಾಳಗ'ದಲ್ಲಿ ಸತ್ತವನ ವಿಷಯ ಅದರಲ್ಲಿದೆ. ಬಲ್ಲಾಳನ ಕಾಲ ಬಂದಿದ್ದು ಅದಾಗಿ ಮುನ್ನೂರು ವರ್ಷದ ಹತ್ತಿರಕ್ಕೆ. ಅಜ್ಜಿ ಇನ್ನೂ ಕಾಳು ನೆನೆಹಾಕಿರಲೇ ಇಲ್ಲ!

ಮೇಷ್ಟ್ರು ಒಂದಕ್ಷರ ಬರೆಯಲಿಲ್ಲ. ಕೈಮುಗಿಯುವ ಎಮೋಜಿ ಒಂದೇ. ಇಡೀ ಗ್ರೂಪು ನಗುವ ಮುಖ ಒತ್ತಿತು, ನನ್ನ ಹೆಂಡತಿಯೂ ಸೇರಿ. ಆಮೇಲೆ ಅವಳೇ, 'ರೀ, ಒಂದ್ಸಲ ನಿಮ್ಮ ಡಿಪಿ ನೋಡ್ಕೊಳ್ಳಿ' ಅಂದಳು. ಹೋದ ಶಿವರಾತ್ರಿಗೆ ಅದೇ ದೇವಸ್ಥಾನದಲ್ಲಿ ತೆಗೆಸಿಕೊಂಡ ಫೋಟೋ. ನನ್ನ ಹೆಗಲ ಹಿಂದೆ ಆ ಕಲ್ಲು.

ಈಗ ಬುಧವಾರ. ನಲ್ಲಿಯಲ್ಲಿ ನೀರಿಲ್ಲ. ಟ್ಯಾಂಕರ್ ಯಾವಾಗ ಬರುತ್ತೆ ಅಂತ ಅದೇ ಗ್ರೂಪಲ್ಲಿ ಕೇಳಬೇಕು. ಯಾವ ಮುಖ ಇಟ್ಟುಕೊಂಡು ಕೇಳಲಿ?

ಕಾಫಿಪುಡಿ:
ಹಳೇ ಮೆಸೇಜೆಲ್ಲ ಡಿಲೀಟ್ ಮಾಡಿ ಸಾರ್. ಏನೂ ಆಗೇ ಇಲ್ಲ ಅನ್ನೋ ಹಾಗೆ ಇದ್ದುಬಿಡಿ.

ಮೂರನೇ ಮಹಡಿ:
ಎರಡು ದಿನದ ಮೇಲಾದರೆ ಎಲ್ಲರ ಫೋನಿಂದ ಅಳಿಸಲು ವಾಟ್ಸಾಪ್ ಬಿಡಲ್ಲ. ಆಗಲೇ ನೋಡಿದೆ. ಬಿಟ್ಟಿದ್ದರೂ ಏನು, ಸಾಲಾಗಿ ಇಪ್ಪತ್ತು 'ಅಳಿಸಲಾಗಿದೆ' ಕಂಡರೆ ಇನ್ನೂ ನಗುತ್ತಾರೆ.

ಹಾಗಲಕಾಯಿ:
ನನ್ನದು ಕೇಳಿ ಅಣ್ಣಾ, ಸ್ವಲ್ಪ ಸಮಾಧಾನ ಆಗಬಹುದು. ಲಾಲ್‌ಬಾಗ್ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಒಬ್ಬರು ಫೇಸ್‌ಬುಕ್ಕಿನಲ್ಲಿ ಬರೆದಿದ್ದರು. 'ಸೊನ್ನೆ ಜಾಸ್ತಿ ಬಿದ್ದಿದೆ ಅಂಕಲ್, ಕನ್ನಡಕ ಹಾಕ್ಕೊಳ್ಳಿ' ಅಂತ ಹಾಕಿದೆ. ಲೈಕ್ ಮೇಲೆ ಲೈಕ್. ಅಂಕಲ್ ನೋಡಿದರೆ ಭೂವಿಜ್ಞಾನಿಯಾಗಿದ್ದು ರಿಟೈರ್ ಆದವರು! ಮಿಲಿಯನ್ ಅಂದರೆ ಹತ್ತು ಲಕ್ಷ, ಮೂರು ಸಾವಿರ ಮಿಲಿಯನ್ ಅಂದರೆ 300 ಕೋಟಿ ಅಂತ ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಬರೆದರು. ಆಮೇಲೂ ನಾನು ಕ್ಯಾಲ್ಕ್ಯುಲೇಟರಲ್ಲಿ ಎರಡು ಸಲ ಒತ್ತಿ ನೋಡಿದೆ. ಎಷ್ಟು ಸಲ ಆ ಬಂಡೆ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇನೋ.

ನೀವು ಗ್ರೂಪ್ ಬಿಡಿ, ಸೀದಾ ಮೇಷ್ಟ್ರ ಮನೆಗೆ ಹೋಗಿ. ಸೋತೆ ಅಂತೇನೂ ಹೇಳಬೇಡಿ, ಫೋಟೋ ಚೆನ್ನಾಗಿ ಬಂದಿದೆ ಅನ್ನಿ. ಕಾಫಿ ಸಿಗುತ್ತೆ, ಟ್ಯಾಂಕರ್ ಸಮಾಚಾರವೂ ಸಿಗುತ್ತೆ.

ಮೂರನೇ ಮಹಡಿ:
ಇದು ಒಳ್ಳೇ ಐಡಿಯಾ. ಸಂಜೆ ಹೋಗುತ್ತೇನೆ.

ಹಳಗನ್ನಡದವ:
ಒಂದು ಚಿಕ್ಕ ತಿದ್ದುಪಡಿ. ನೀವು ಶಾಸನ ಅಂದಿದ್ದೀರಿ. ಅದನ್ನು ವೀರಗಲ್ಲು ಅನ್ನಬೇಕು.

ಮೂರನೇ ಮಹಡಿ:
ವೀರಗಲ್ಲಿನ ಮೇಲೆ ಬರಹ ಇದ್ದರೆ ಅದೂ ಶಾಸನವೇ ಅಲ್ವಾ?

ಹಳಗನ್ನಡದವ:
ಎಲ್ಲ ವೀರಗಲ್ಲಿನ ಮೇಲೂ ಬರಹ ಇರಲ್ಲ.

ಮೂರನೇ ಮಹಡಿ:
ಎಲ್ಲ ಅಂತ ನಾನೆಲ್ಲಿ ಹೇಳಿದೆ? ತೋರಿಸಿ. ಸುಮ್ನೆ ಮಾತು ಬೇಡ ಸಾರ್.

ಹಾಗಲಕಾಯಿ:
ಅಣ್ಣಾ, ಗಂಟೆ ಹನ್ನೊಂದಾಯ್ತು. ನೀರು ಬಂತಾ?