ಕ್ವಿಜ್ ನಡೆಸುವವರು ಕೊನೇ ದಿನ ಏನು ಹೇಳಿ ಹೋಗುತ್ತಾರೆ? ನನಗೂ ಒಂದು ಬೇಕಾಗಿದೆ

ಮೈಕ್ ಮಾವ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ನಮ್ಮ ಓಣಿಯ ಗಣಪನ ಮುಂದೆ 14 ವರ್ಷದಿಂದ ನಾನೇ ಕ್ವಿಜ್ ನಡೆಸುತ್ತಾ ಬಂದಿದ್ದೇನೆ, ಕೊರೋನಾದ ಎರಡು ವರ್ಷ ಬಿಟ್ಟು. ಐದು ದಿನದ ಗಣಪ. ನಾಲ್ಕು ರಾತ್ರಿ ಕ್ವಿಜ್, ಐದನೇ ದಿನ ಗಣಪನನ್ನು ಕಳಿಸುತ್ತೇವೆ. ದೊಡ್ಡ ಸೆಟ್ಟೇನೂ ಇಲ್ಲ. ಪೆಂಡಾಲಿನ ಮೂಲೆಯಲ್ಲಿ ಎರಡು ಬೆಂಚು, ಒಂದು ಮೈಕು, ಬಜರ್ ಬದಲು ಸ್ಟೀಲ್ ತಾಟು ಮತ್ತು ಚಮಚ. ಯಾರು ಮೊದಲು ಬಾರಿಸುತ್ತಾರೋ ಅವರು ಉತ್ತರ ಹೇಳಬೇಕು. ಮೊದಲ ಬಹುಮಾನ 10 ಕೆಜಿ ಗಂಗಾವತಿ ಸೋನಾ ಮಸೂರಿ, ಮಿಲ್ಲಿನವರೊಬ್ಬರು ಪ್ರತಿ ವರ್ಷ ಕೇಳದೇ ಕಳಿಸುತ್ತಾರೆ. ಎರಡನೇದು ಕಂಪಾಸ್ ಬಾಕ್ಸು. ಹುಡುಗರಿಗೆ ಎರಡನೇ ಬಹುಮಾನದ ಮೇಲೇ ಕಣ್ಣು, ಅಮ್ಮಂದಿರಿಗೆ ಮೊದಲನೇದರ ಮೇಲೆ.

ದಿನಾ ರಾತ್ರಿ ಮುಗಿಸುವಾಗ ಒಂದು ಪ್ರಶ್ನೆ ಕೇಳಿ, "ಉತ್ತರ ನಾಳೆ" ಅಂತ ಹೇಳಿ ಮೈಕ್ ಆಫ್ ಮಾಡುತ್ತೇನೆ. ನನ್ನ ಸ್ಟೈಲ್ ಅಂದರೆ ಅಷ್ಟೇ. ನಾಲ್ಕನೇ ರಾತ್ರಿ ಮಾತ್ರ ಆ ಪ್ರಶ್ನೆ ಇರುವುದಿಲ್ಲ, ಮಾರನೇ ದಿನ ಕ್ವಿಜ್ ಇಲ್ಲವಲ್ಲ.

ಈ ವರ್ಷ ನನ್ನದು ಕೊನೇದು. ಮಗ ಹುಬ್ಬಳ್ಳಿಯಲ್ಲಿ ಮನೆ ಮಾಡಿದ್ದಾನೆ, ಜೆರಾಕ್ಸ್ ಅಂಗಡಿ ಮುಚ್ಚಿ ನಾವೂ ಅಲ್ಲಿಗೇ ಹೋಗುತ್ತಿದ್ದೇವೆ. ಕೊನೇ ರಾತ್ರಿಗೆ ಅಂತ ಎರಡು ಪೇಜು ಬರೆದು ಮನೆಯವಳಿಗೆ ಓದಿ ತೋರಿಸಿದೆ. "ಇದು ರಿಟೈರ್ಡ್ ಮಾಸ್ತರರ ಭಾಷಣ ಆತು ನೋಡ್ರಿ, ನೀವು ಮುಗಿಸೂದ್ರಾಗ ಹುಡುಗ್ರು ಪ್ರಸಾದಕ್ಕ ಎದ್ದು ಹೋಗಿರ್ತಾವ" ಅಂದಳು. ಸರಿಯೇ ಅನ್ನಿಸಿತು. ಟಿವಿಯಲ್ಲಿ ವರ್ಷಗಟ್ಟಲೆ ಇಂಥ ಶೋ ನಡೆಸಿದವರು ಕೊನೇ ಎಪಿಸೋಡಿನಲ್ಲಿ ಏನು ಹೇಳಿದ್ದಾರೆ? ಗೊತ್ತಿದ್ದವರು ಹೇಳಿ. ಕದಿಯುತ್ತೇನೆ, ಮುಚ್ಚುಮರೆ ಇಲ್ಲ.

ಬಿಸಿಲೂರಿನವ, ರಾಯಚೂರು

ಮಾವ, ನೀವು ಕೇಳಿದ್ದಕ್ಕೆ ನನಗೆ ಮೊದಲು ನೆನಪಾಗಿದ್ದು ಅಮೆರಿಕದ ಟಿವಿ ಕ್ವಿಜ್ ಜೆಪರ್ಡಿ. ಅಲೆಕ್ಸ್ ಟ್ರೆಬೆಕ್ ಅಂತ, 1984ರಿಂದ ಅದನ್ನು ನಡೆಸಿದವರು. 2019ರ ಮಾರ್ಚಿನಲ್ಲಿ ತಮಗೆ ಪ್ಯಾಂಕ್ರಿಯಾಸ್ ಕ್ಯಾನ್ಸರ್, ನಾಲ್ಕನೇ ಹಂತ ಅಂತ ತಾವೇ ವಿಡಿಯೋದಲ್ಲಿ ಹೇಳಿದರು. ಆಮೇಲೂ ಕೀಮೋ ಮಾಡಿಸಿಕೊಳ್ಳುತ್ತಾ ಶೋ ನಡೆಸಿದರು. ಅದೇ ವರ್ಷ ಒಂದು ಸಂದರ್ಶನದಲ್ಲಿ ಕೊನೇ ದಿನದ ಪ್ಲಾನ್ ಕೂಡ ಹೇಳಿದ್ದರು. ಡೈರೆಕ್ಟರಿಗೆ ಹೇಳಿ ಕೊನೆಯಲ್ಲಿ 30 ಸೆಕೆಂಡ್ ಉಳಿಸಿಕೊಳ್ಳುತ್ತೇನೆ, ನನಗೆ ಅಷ್ಟು ಸಾಕು, ನನ್ನ ಜಾಗಕ್ಕೆ ಯಾರು ಬರುತ್ತಾರೆ ಅಂತ ಕೇಳಬೇಡಿ, ಅದು ನನ್ನ ಕೈಯಲ್ಲಿಲ್ಲ, ಯಾರೇ ಬಂದರೂ ನನಗೆ ಕೊಟ್ಟಷ್ಟೇ ಪ್ರೀತಿ ಅವರಿಗೂ ಕೊಡಿ ಅಂತ ಹೇಳುತ್ತೇನೆ ಅಂದಿದ್ದರು.

ಆ 30 ಸೆಕೆಂಡ್ ಅವರಿಗೆ ಸಿಗಲೇ ಇಲ್ಲ. 2020ರ ಅಕ್ಟೋಬರ್ 29ಕ್ಕೆ ಶೂಟಿಂಗ್ ಮಾಡಿ ಮನೆಗೆ ಹೋದರು, ನವೆಂಬರ್ 8ಕ್ಕೆ ತೀರಿಕೊಂಡರು. ಅವತ್ತು ತೆಗೆದದ್ದೇ ಕೊನೇದು ಅಂತ ಅವರಿಗೂ ಗೊತ್ತಿರಲಿಲ್ಲ. ಆ ಎಪಿಸೋಡು 2021ರ ಜನವರಿ 8ಕ್ಕೆ ಬಂತು. ಅದರಲ್ಲಿ ವಿದಾಯವೇ ಇಲ್ಲ, ದಿನದ ಹಾಗೆ ಮುಗಿಸಿದ್ದಾರೆ. ಅದೇ ವಾರದ ಸೋಮವಾರದ ಎಪಿಸೋಡು ಶುರುವಾಗುವಾಗ ಮಾತ್ರ, ಕೋವಿಡ್‌ನಿಂದ ಕಷ್ಟದಲ್ಲಿರುವವರಿಗೆ ಕೈ ಬಿಚ್ಚಿ ಕೊಡಿ, ಮನಸ್ಸು ಬಿಚ್ಚಿ ಕೊಡಿ ಅಂದಿದ್ದರು. ನೋಡಿದವರು ಅದನ್ನೇ ಅವರ ಕೊನೇ ಮಾತು ಅಂತ ಇಟ್ಟುಕೊಂಡರು.

ಅದಕ್ಕೇ ಹೇಳುತ್ತೇನೆ, ಎರಡು ಪೇಜು ಬೇಡ. 30 ಸೆಕೆಂಡ್. ಆದರೆ ಆ 30 ಸೆಕೆಂಡ್ ಮೊದಲೇ ಕಾದಿರಿಸಿಕೊಳ್ಳಿ, ಕಮಿಟಿಯವರಿಗೆ ಈಗಲೇ ಹೇಳಿಡಿ.

ಬಳ್ಳಾರಿ ಮಿರ್ಚಿ

ವಿದಾಯಗಿದಾಯ ಎಲ್ಲಾ ಸುಳ್ಳು ಬಿಡಿ. ಜಾತ್ರೆಗೆ ನಾಟಕ ಕಂಪನಿ ಬಂದಾಗ "ಇಂದೇ ಕಡೆಯ ಪ್ರಯೋಗ" ಅಂತ ಬೋರ್ಡು ಹಾಕ್ತಾರಲ್ಲ, ನಾಳೆ ಹೋಗಿ ನೋಡಿದರೆ ಅದೇ ಬೋರ್ಡು ಅಲ್ಲೇ ಇರುತ್ತೆ. ಟಿವಿಯವರೂ ಹಾಗೇ. ಅಮಿತಾಭ್ ಬಚ್ಚನ್ 2023ರ ಡಿಸೆಂಬರ್ 29ಕ್ಕೆ ಕೆಬಿಸಿಯಲ್ಲಿ, ಅದೇ ಹಿಂದಿಯ ಕೌನ್ ಬನೇಗಾ ಕರೋಡ್‌ಪತಿಯಲ್ಲಿ, ಈ ವೇದಿಕೆಯಿಂದ ಕೊನೇ ಸಲ ಶುಭರಾತ್ರಿ ಹೇಳ್ತಿದ್ದೇನೆ ಅಂದರು, ಗಂಟಲು ಕಟ್ಟಿತು, ಮುಂದೆ ಕೂತಿದ್ದವರೆಲ್ಲ ಅತ್ತರು. 2024ರ ಆಗಸ್ಟಿನಲ್ಲಿ ಮುಂದಿನ ಸೀಸನ್, ಅದೇ ಕುರ್ಚಿ, ಅದೇ ಬಚ್ಚನ್. ನಮ್ಮ ಸುದೀಪ್ ಕೂಡ ಬಿಗ್ ಬಾಸ್ ಹನ್ನೊಂದೇ ನನ್ನ ಕೊನೇ ಸೀಸನ್ ಅಂತ 2024ರ ಅಕ್ಟೋಬರಿನಲ್ಲೇ ಹೇಳಿದ್ದರು. 2025ರ ಜನವರಿಯಲ್ಲಿ ನಮ್ಮ ಹಾವೇರಿ ಕಡೆಯ ಹನುಮಂತನ ಕೈ ಎತ್ತಿ ಗೆಲ್ಲಿಸಿದರು, ಎಲ್ಲಾ ಮುಗೀತು ಅಂದುಕೊಂಡೆವು. ಹನ್ನೆರಡಕ್ಕೂ ಅವರೇ ಬಂದರು. ನನಗೇನು ಬೇಜಾರಿಲ್ಲ, ಅವರಿಲ್ಲದೇ ವೀಕೆಂಡ್ ನಾನೂ ನೋಡ್ತಿರಲಿಲ್ಲ. ಆದರೆ ಅಳುವುದು ಯಾಕೆ?

ಮಾವ, ನೀವೂ ಮುಂದಿನ ವರ್ಷ ಗಣಪನಿಗೆ ಬಂದೇ ಬರ್ತೀರಿ. ಸುಮ್ನೆ ಭಾಷಣ ಮಾಡಿ ಸಿಕ್ಕಿಹಾಕ್ಕೋಬೇಡಿ.

ಸಿಂಧನೂರು ಅಕ್ಕ

ಮಿರ್ಚಿ ತಮ್ಮಾ, ಆ ರಾತ್ರಿ ನಮ್ಮ ಮನೆಯಲ್ಲಿ ಏನಾಯ್ತು ಕೇಳು. ನಮ್ಮ ಅವ್ವಗೆ ಹಿಂದಿ ಅರ್ಧ ತಿಳಿಯುತ್ತೆ, ಅರ್ಧ ಇಲ್ಲ. ಆದರೂ ಕೆಬಿಸಿ ತಪ್ಪಿಸುತ್ತಿರಲಿಲ್ಲ. ಬಚ್ಚನ್ ಶುಭರಾತ್ರಿ ಅಂದರೆ ಇವಳೂ ಸೋಫಾದ ಮೇಲಿಂದ "ಹ್ಞೂನಪ್ಪಾ, ಮಕ್ಕೊ" ಅನ್ನುವಳು. ದಿನಾ. ನಾವು ನಗುತ್ತಿದ್ದೆವು. ಆ ದಿನ ಅವರು, ನಾವು ಹೋಗುತ್ತಿದ್ದೇವೆ, ನಾಳೆಯಿಂದ ಈ ವೇದಿಕೆ ಇರುವುದಿಲ್ಲ ಅಂತ ಶುರು ಮಾಡಿದರು. ಅವ್ವ ಅಡಿಕೆ ಕತ್ತರಿಸುತ್ತಿದ್ದವಳು ಅಡಕತ್ತರಿ ಕೆಳಗಿಟ್ಟು, "ಏನಂತ?" ಅಂದಳು. ಹೋಗ್ತಾರಂತೆ ಅಂದೆ. ಅವಳಿಗೆ ಸಿಟ್ಟೇ ಬಂತು. "ಇಷ್ಟು ವಯಸ್ಸಾದ ಮನಿಷಾಗ ಅಷ್ಟೂ ತಿಳಿಯಾಂಗಿಲ್ಲೇನು? ಹೊಕ್ಕೀನಿ ಅನಬಾರದು, ಬರ್ತೀನಿ ಅನಬೇಕು."

ಆಗಸ್ಟಿನಲ್ಲಿ ಬಚ್ಚನ್ ತಿರುಗಿ ಬಂದಾಗ ಅವ್ವ ಒಂದು ಮಾತೂ ಆಡಲಿಲ್ಲ. ನಾನು ಹೇಳಿರಲಿಲ್ಲವಾ ಅನ್ನುವ ಹಾಗೆ ನನ್ನ ಕಡೆ ನೋಡಿದಳು ಅಷ್ಟೇ. ಅದಕ್ಕೆ ಮಾವ, ಏನು ಬೇಕಾದರೂ ಹೇಳಿ, "ಹೋಗುತ್ತೇನೆ" ಅನ್ನುವ ಮಾತು ಮಾತ್ರ ಮೈಕಿನಲ್ಲಿ ಬೇಡ.

ಶಿಫ್ಟ್ ಮುಗಿದವ, ತೋರಣಗಲ್ಲು

ನೈಟ್ ಶಿಫ್ಟಿನಲ್ಲಿ ಇಂಥವೇ ವಿಡಿಯೋ ಹುಡುಕಿ ನೋಡುವವನು ನಾನು, ಸ್ವಲ್ಪ ಉದ್ದ ಬರೆದರೆ ಸೈರಿಸಿಕೊಳ್ಳಿ.

ಬಾಬ್ ಬಾರ್ಕರ್ ಅಂತ ಒಬ್ಬರು, ಸಾಮಾನಿನ ಬೆಲೆ ಊಹಿಸುವ ಶೋ, ದಿ ಪ್ರೈಸ್ ಈಸ್ ರೈಟ್. 1972ರಿಂದ 2007ರವರೆಗೆ, 35 ವರ್ಷ. ಇವರು 1982ರಿಂದ ಶೋ ಮುಗಿಸುವಾಗ, ನಿಮ್ಮ ನಾಯಿ ಬೆಕ್ಕುಗಳಿಗೆ ಆಪರೇಷನ್ ಮಾಡಿಸಿ, ಮರಿ ಜಾಸ್ತಿ ಆಗದ ಹಾಗೆ ನೋಡಿಕೊಳ್ಳಿ ಅಂತ ಹೇಳುತ್ತಿದ್ದರು. ಯೋಚನೆ ಮಾಡಿ, ಕಾರು ಫ್ರಿಜ್ಜು ಗೆದ್ದವರು ಕುಣಿಯುತ್ತಿರುವಾಗ ಹಿಂದಿನಿಂದ ನಾಯಿ ಆಪರೇಷನ್ ಮಾತು. 2007ರ ಜೂನ್ 15ಕ್ಕೆ ಕೊನೇ ಎಪಿಸೋಡು. ಎಲ್ಲರೂ ಏನೋ ದೊಡ್ಡದು ಹೇಳುತ್ತಾರೆ ಅಂತ ಕಾದಿದ್ದರು. ಇಷ್ಟು ವರ್ಷ ನಿಮ್ಮ ಮನೆಯೊಳಗೆ ಕರೆದುಕೊಂಡಿದ್ದಕ್ಕೆ ಥ್ಯಾಂಕ್ಸ್ ಅಂದರು, ಆಮೇಲೆ ಮತ್ತೆ ಅದೇ ನಾಯಿ ಬೆಕ್ಕು, ಗುಡ್‌ಬೈ, ಮುಗೀತು. ಅವರ ಜಾಗಕ್ಕೆ ಬಂದ ಡ್ರೂ ಕ್ಯಾರಿ ಕೂಡ ಆ ಮಾತನ್ನು ಬಿಡದೇ ಮುಂದುವರಿಸಿದರು. ಬಳ್ಳಾರಿ ಬೀದಿಗಳಲ್ಲಿ ರಾತ್ರಿ ಬೈಕ್ ಓಡಿಸುವವರಿಗೆ ಈ ವಿದಾಯದ ಬೆಲೆ ಚೆನ್ನಾಗಿ ಅರ್ಥ ಆಗುತ್ತೆ.

ಒಂದೊಂದೇ ಅಕ್ಷರ ಊಹಿಸಿ ಪದ ಬಿಡಿಸುವ ಅಮೆರಿಕದ ಶೋ ವ್ಹೀಲ್ ಆಫ್ ಫಾರ್ಚೂನ್‌ನ ಪ್ಯಾಟ್ ಸೇಜಾಕ್ 2024ರ ಜೂನ್ 7ಕ್ಕೆ ಬಿಟ್ಟರು, 41 ಸೀಸನ್ ಮಾಡಿ. ಅವರದು ಸ್ವಲ್ಪ ತಯಾರಿ ಮಾಡಿದ ಮಾತು. ಅದರಲ್ಲಿ ನನಗೆ ಹಿಡಿಸಿದ್ದು ಒಂದೇ ಸಾಲು, ಈ ಆಟ ನೋಡಿ ಮಕ್ಕಳು ಅಕ್ಷರ ಕಲಿತರು, ಬೇರೆ ದೇಶದಿಂದ ಬಂದವರು ಇಂಗ್ಲಿಷ್ ಸುಧಾರಿಸಿಕೊಂಡರು ಅಂದಿದ್ದು. ಉಳಿದದ್ದು ಎಲ್ಲರೂ ಹೇಳುವಂಥದ್ದೇ.

ನನ್ನ ಫೇವರಿಟ್ ಮಾತ್ರ ಬ್ರಿಟನ್ನಿನ ಮಾಸ್ಟರ್‌ಮೈಂಡ್, ಮ್ಯಾಗ್ನಸ್ ಮ್ಯಾಗ್ನುಸನ್. ಕತ್ತಲೆ ಸ್ಟೇಜು, ನಡುವೆ ಒಂದೇ ಕಪ್ಪು ಕುರ್ಚಿ, ಅದರಲ್ಲಿ ಕೂತವರಿಗೆ ಪೊಲೀಸ್ ವಿಚಾರಣೆಯ ಥರ ಪ್ರಶ್ನೆ. ಪ್ರಶ್ನೆಯ ನಡುವೆ ಟೈಮ್ ಮುಗಿದು ಗಂಟೆ ಹೊಡೆದರೆ, "ಶುರು ಮಾಡಿದ್ದೇನೆ, ಮುಗಿಸಿಯೇ ಬಿಡ್ತೇನೆ" ಅಂತ ಹೇಳಿ ಪ್ರಶ್ನೆ ಪೂರ್ತಿ ಓದುವರು. 1972ರಲ್ಲಿ ಶುರುವಾದ ಶೋ, 1997ರಲ್ಲಿ ಬಿಬಿಸಿ ಟಿವಿಯಲ್ಲಿ ನಿಂತಿತು. ಕೊನೇ ಫೈನಲ್ ಮಾಡಿದ್ದು ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪದ ಒಂದು ದೊಡ್ಡ ಚರ್ಚಿನಲ್ಲಿ. ಆ ಚರ್ಚಿನ ಹೆಸರೂ ಸೇಂಟ್ ಮ್ಯಾಗ್ನಸ್! ಆಮೇಲೆ ಆ ಕಪ್ಪು ಕುರ್ಚಿ ಅವರ ಮನೆಗೆ ಹೋಯಿತು. ಮಾವ, ನಿಮ್ಮ ತಾಟು ಚಮಚ ಯಾರಿಗೆ ಹೋಗುತ್ತೆ?

ಬಿಸಿಲೂರಿನವ, ರಾಯಚೂರು

ಕುರ್ಚಿ ಅಂದಾಗ ನೆನಪಾಯ್ತು. ಕನ್ನಡದ ಕೋಟ್ಯಧಿಪತಿ, 2012ರಲ್ಲಿ ಪುನೀತ್ ಶುರು ಮಾಡಿದ್ದು. ಮಧ್ಯ 2018ರಲ್ಲಿ ರಮೇಶ್ ಅರವಿಂದ್ ಒಂದು ಸೀಸನ್ ಮಾಡಿದರು, 2019ರಲ್ಲಿ ಮತ್ತೆ ಪುನೀತ್. ಆ ಸೀಸನ್ ಮುಗಿದಾಗ ನಾವು ಚಾನೆಲ್ ಬದಲಿಸಿ ಬೇರೆ ಏನೋ ನೋಡಿದೆವು. ಮುಂದಿನ ಸೀಸನ್ ಇದ್ದೇ ಇರುತ್ತಲ್ಲ ಅಂತ. ಎರಡು ವರ್ಷಕ್ಕೆ ಅವರೇ ಇಲ್ಲ.

ಬಳ್ಳಾರಿ ಮಿರ್ಚಿ

ಹ್ಞೂ. ಅದೊಂದಕ್ಕೆ ನನ್ನ ಹತ್ತಿರ ಜೋಕ್ ಇಲ್ಲ.

ಸಿಂಧನೂರು ಅಕ್ಕ

ಚಂದನದಲ್ಲಿ ಥಟ್ ಅಂತ ಹೇಳಿ ಬರುತ್ತಲ್ಲ, ಡಾ. ನಾ. ಸೋಮೇಶ್ವರ ಅವರದು. 2002ರಿಂದ ಸಾವಿರಾರು ಎಪಿಸೋಡು. ಸರಿ ಉತ್ತರಕ್ಕೆ ಪುಸ್ತಕ ಬಹುಮಾನ, ದುಡ್ಡಿಲ್ಲ. ಅಲ್ಲಿ ಸೀಸನ್ನೂ ಇಲ್ಲ, ಫಿನಾಲೆಯೂ ಇಲ್ಲ, ಅಳುವುದೂ ಇಲ್ಲ. ಇವತ್ತಿನದು ಮುಗೀತು, ಮುಂದಿನದು ಮುಂದಿನ ಸಲ. ನನಗೆ ಇದೇ ಇಷ್ಟ.

ಮಾವ, ನಾಲ್ಕನೇ ರಾತ್ರಿ ಪ್ರಶ್ನೆ ಇರುವುದಿಲ್ಲ ಅಂದಿರಲ್ಲ. ಈ ಸಲ ಕೇಳಿಬಿಡಿ. "ಉತ್ತರ ನಾಳೆ" ಅಂತಲೇ ಹೇಳಿ.

ಮೈಕ್ ಮಾವ, ಕೊಪ್ಪಳ

ಅಕ್ಕಾ, ನಾಳೆ ಕ್ವಿಜ್ಜೇ ಇಲ್ಲವಲ್ಲ! ಉತ್ತರ ಎಲ್ಲಿ ಹೇಳಲಿ? ನಾನೇ ಸುಳ್ಳು ಹೇಳಿದ ಹಾಗೆ ಆಗುತ್ತೆ. ಯೋಚನೆ ಮಾಡುತ್ತೇನೆ. ಎಲ್ಲರಿಗೂ ಥ್ಯಾಂಕ್ಸ್, ಮುಗಿದ ಮೇಲೆ ಬಂದು ಬರೆಯುತ್ತೇನೆ.

ಮೈಕ್ ಮಾವ, ಕೊಪ್ಪಳ

ಗಣಪನನ್ನು ಕಳಿಸಿಯಾಯಿತು. ಏನಾಯಿತು ಅಂತ ಹೇಳುತ್ತೇನೆ.

30 ಸೆಕೆಂಡ್ ಬೇಕು ಅಂತ ಕಮಿಟಿಯವರಿಗೆ ಹೇಳಿದ್ದೆ. ಅವರು ಹತ್ತು ನಿಮಿಷ ಕೊಟ್ಟಿದ್ದರು, ಶಾಲು, ಹಾರ ಎಲ್ಲಾ ತಂದಿಟ್ಟಿದ್ದರು. ಕೊನೇ ಪ್ರಶ್ನೆ ಕೊಪ್ಪಳದಲ್ಲಿ ಅಶೋಕನ ಶಾಸನ ಎಷ್ಟು ಕಡೆ ಇವೆ ಅಂತ. ಒಬ್ಬ ಹುಡುಗ ತಾಟು ಬಗ್ಗುವ ಹಾಗೆ ಬಾರಿಸಿ, "ಒಂದು, ಗವಿಮಠ" ಅಂದ. ತಪ್ಪು ಅಂದೆ. ಆ ಕಡೆ ಬೆಂಚಿನ ಹುಡುಗಿ, "ಎರಡು, ಗವಿಮಠ ಮತ್ತ ಪಾಲ್ಕಿಗುಂಡು" ಅಂದಳು. ಸರಿ ಅಂದೆ. ಹುಡುಗನ ಅಪ್ಪ ಎದ್ದು ನಿಂತ. "ಪಾಲ್ಕಿಗುಂಡು ಅಂದ್ರ ಗುಡ್ಡ ಐತ್ರಿ, ಅಲ್ಲಿ ಎಲ್ಲೈತಿ ಶಾಸನ? ನಾ ಹುಟ್ಟಿದಾಗಿಂದ ನೋಡಾಕತ್ತೀನಿ." ಗುಡ್ಡದ ಮೇಲೇ ಇದೆ, ಬಂಡೆಯಲ್ಲಿ ಕೆತ್ತಿದ್ದಾರೆ ಅಂತ ನಾನು ಹೇಳಿದರೆ ಅವನು ಕೇಳಲಿಲ್ಲ. ಇನ್ನೊಬ್ಬರು ಮೊಬೈಲ್ ತೆಗೆದರು, ಮತ್ತೊಬ್ಬರು ಹತ್ತನೇ ಕ್ಲಾಸಿನ ಪುಸ್ತಕ ತರಿಸಿದರು. ಅಕ್ಕಿ ಚೀಲ ಮಾತ್ರ ನಡುವೆ ಹಾಗೇ ಕೂತಿತ್ತು. ನನ್ನ ಹತ್ತು ನಿಮಿಷ ಅಲ್ಲೇ ಹೋಯಿತು. ಕೊನೆಗೆ ಆ ಅಪ್ಪನೇ ಸೋತು, "ಆತ್ರಿ, ನಾಳೆ ನೋಡಿ ಬರ್ತೀನಿ" ಅಂತ ಕೂತ.

ಮಂಗಳಾರತಿಗೆ ಹೊತ್ತಾಯಿತು ಅಂತ ಪೂಜಾರಪ್ಪ ಗಂಟೆ ಬಾರಿಸಿಯೇ ಬಿಟ್ಟ. ಎರಡು ಪೇಜು ಜೇಬಿನಲ್ಲೇ ಉಳಿಯಿತು. ಮಿಲ್ಲಿನವರಿಗೆ ಥ್ಯಾಂಕ್ಸ್ ಅಂದೆ. ತಾಟು ಚಮಚ ಪಾಲ್ಕಿಗುಂಡು ಅಂದ ಹುಡುಗಿಯ ಕೈಗೆ ಕೊಟ್ಟೆ, ಬರುವ ವರ್ಷ ನೀನು ಕೇಳಬೇಕು ಅಂದೆ. ಅವಳು, "ಅಕ್ಕಿನೂ ನಂದs ಅಲ್ರೀ?" ಅಂತ ಕೇಳಿದಳು. ಆಮೇಲೆ ಅಕ್ಕ ಹೇಳಿದಂತೆ, ಬಾಯಿಗೆ ಬಂದದ್ದೇ ಕೇಳಿಬಿಟ್ಟೆ, 1915ರಲ್ಲಿ ನಮ್ಮ ಪಕ್ಕದ ಮಸ್ಕಿಯಲ್ಲಿ ಸಿಕ್ಕ ಶಾಸನಕ್ಕೆ ಅಷ್ಟು ಹೆಸರು ಯಾಕೆ ಬಂತು? ಉತ್ತರ ನಾಳೆ. ಮೈಕ್ ಆಫ್.

ಮಾರನೇ ದಿನ ಬೆಳಿಗ್ಗೆ ಅಂಗಡಿ ಮುಂದೆ ಹನ್ನೊಂದು ಹುಡುಗರು. ನಾನು ಅವತ್ತೇ ಜೆರಾಕ್ಸ್ ಮಷೀನ್ ಕುಷ್ಟಗಿ ಪಾರ್ಟಿಗೆ ಕಳಿಸುತ್ತಿದ್ದೆ, ಗೂಡ್ಸ್ ಆಟೋ ಬಂದು ನಿಂತಿತ್ತು, ಹಮಾಲರು ಬಂದಿರಲಿಲ್ಲ. ಮಷೀನ್ ಹಿಡಿದವರಿಗೆ ಉತ್ತರ ಅಂದೆ. ಒಬ್ಬ ಆಗಲೇ ಮೊಬೈಲಿನಲ್ಲಿ ನೋಡಿಕೊಂಡು ಬಂದಿದ್ದ, ಅದರಲ್ಲಿ ಅಶೋಕ ಅಂತ ಹೆಸರೇ ಕೆತ್ತಿದ್ದಾರೆ, ಅಲ್ಲಿಯವರೆಗೆ ಬೇರೆ ಕಡೆ ಬರೀ ದೇವಾನಾಂಪ್ರಿಯ ಅಂತ ಸಿಕ್ಕಿತ್ತು ಅಂತ ಪಟಪಟ ಹೇಳಿಬಿಟ್ಟ. ಸರಿಯಾಗೇ ಹೇಳಿದ. ಆದರೂ ಮಷೀನಿಗೆ ಕೈ ಹಾಕಿದ, ಪಾಪ.

ಸಿಂಧನೂರು ಅಕ್ಕ

ಹೊಕ್ಕೀನಿ ಅಂದಿರೋ, ಬರ್ತೀನಿ ಅಂದಿರೋ?

ಮೈಕ್ ಮಾವ, ಕೊಪ್ಪಳ

ಎರಡೂ ಅನ್ನಲಿಲ್ಲ ಅಕ್ಕಾ, ಮಂಗಳಾರತಿ ಗದ್ದಲದಲ್ಲಿ ಮರೆತೇ ಹೋಯಿತು.

ಬಳ್ಳಾರಿ ಮಿರ್ಚಿ

ಹುಬ್ಬಳ್ಳಿಯಿಂದ ಕೊಪ್ಪಳಕ್ಕೆ ದಿನಪೂರ್ತಿ ಬಸ್ಸಿವೆ ಮಾವ. "ಇಂದೇ ಕಡೆಯ ಪ್ರಯೋಗ" ಬೋರ್ಡು ನಾನೇ ಬರೆಸಿ ಕಳಿಸ್ತೀನಿ, ಸೈಜ್ ಹೇಳಿ.