ಪದಚರ್ಚೆ: ಕೋಳಿಯನ್ನು ‘ಮ್ಯಾರಿನೇಟ್’ ಮಾಡುವುದಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಜಪಾನಿನ ಕರಾಗೆ ಅನ್ನುವ ಕೋಳಿ ಅಡುಗೆಯನ್ನು ಮನೆಯಲ್ಲಿ ಮಾಡುವ ಬಗೆ ಅನುವಾದಿಸುತ್ತಿದ್ದೇನೆ. ನಾಳೆ ಬೆಳಗ್ಗೆ ಅಚ್ಚಿಗೆ ಹೋಗಬೇಕು. ತೊಡೆಯ ತುಂಡುಗಳನ್ನು ಸೋಯಾ ಸಾಸ್, ಸಾಕೆ (ಜಪಾನಿನ ಅಕ್ಕಿ ಮದ್ಯ), ಶುಂಠಿ, ಬೆಳ್ಳುಳ್ಳಿ ಜೊತೆ ಕಲಸಿ ಅರ್ಧ ಗಂಟೆ ಇಡುತ್ತಾರೆ. ಆಮೇಲೆ ಆಲೂಗಡ್ಡೆ ಪಿಷ್ಟದಲ್ಲಿ ಹೊರಳಿಸಿ ಕರಿಯುತ್ತಾರೆ. ಆ ‘ಇಡುವುದಕ್ಕೆ’ ಪದ ಬೇಕು. ‘ನೆನೆಸಿ’ ಅಂತ ಬರೆದೆ. ಅದೇ ಪುಟದಲ್ಲಿ ಅಕ್ಕಿ ನೆನೆಸುವುದೂ ಇದೆ. ಅಕ್ಕಿ ಕುಡಿಯುವುದು ಬರೀ ನೀರು. ಇಲ್ಲಿ ರುಚಿ ಒಳಗೆ ಇಳಿಯಬೇಕು. ಒಂದೇ ಪದ ಸಾಕಾ?

ಮರು:
ಮೇಡಂ, ‘ಮ್ಯಾರಿನೇಟ್ ಮಾಡಿ’ ಅಂತಲೇ ಬರೆಯಿರಿ. ಕುಕ್ಕರು, ಮಿಕ್ಸಿ, ಫ್ರಿಜ್ಜು ಎಲ್ಲ ಬಂದು ಕನ್ನಡವೇ ಆಗಿವೆ. ಹೊಸ ಪದ ಕಟ್ಟಿದರೆ ಓದುವವರು ಒಲೆ ಮುಂದೆ ತಡವರಿಸುತ್ತಾರೆ. ಚರ್ಚೆ ಬೇಕಿಲ್ಲ.

ಮರು:
ಒಪ್ಪಲ್ಲ ಸರ್. ಪದ ಕಟ್ಟುವ ಮಾತೇ ಇಲ್ಲ, ಅದು ಮನೆಯಲ್ಲೇ ಇದೆ. ಊರು. ಬಾವಿಯಲ್ಲಿ ನೀರು ಊರುತ್ತದೆ, ಬಾಯಲ್ಲಿ ನೀರೂರುತ್ತದೆ, ಉಪ್ಪಿನಲ್ಲಿ ಕಾಯಿ ಊರುತ್ತದೆ. ನಾವು ವಾಸ ಮಾಡುವ ಊರು ಬೇರೆ. ಇದು ಹಳಗನ್ನಡದ ‘ಊಱು’. ನಾವು ಱ ಕಳೆದುಕೊಂಡೆವು, ಎರಡೂ ಒಂದೇ ಥರ ಕಾಣುತ್ತಿವೆ. ತಮಿಳಿನಲ್ಲಿ ಆ ಅಕ್ಷರ ಉಳಿದಿದೆ. ಅವರ ಉಪ್ಪಿನಕಾಯಿಯೇ ‘ಊಱುಕಾಯ್’, ತೆಲುಗಿನವರದು ‘ಊರಗಾಯ’. ಮಾಂಸಕ್ಕೆ ಮಸಾಲೆ ಹಚ್ಚಿಡುವುದಕ್ಕೂ ತಮಿಳರು ‘ಊಱ ವೈ’ ಅನ್ನುತ್ತಾರೆ.

ನಮ್ಮಮ್ಮ ಅಪ್ಪೆಮಿಡಿಗೆ ಕಲ್ಲುಪ್ಪು ಹಾಕಿ ಭರಣಿಯಲ್ಲಿ ಇಡುತ್ತಿದ್ದರು. ಒಂದು ಹನಿ ನೀರು ಸೋಕಿಸುತ್ತಿರಲಿಲ್ಲ. ಕೆಲವೇ ದಿನಕ್ಕೆ ಮಿಡಿ ತಾನೇ ನೀರು ಬಿಟ್ಟು, ಸುಕ್ಕಾಗಿ, ಆ ಉಪ್ಪುನೀರಲ್ಲೇ ಮುಳುಗಿರುತ್ತಿತ್ತು. ಕೈ ಹಾಕಲು ಹೋದರೆ ‘ಇನ್ನೂ ಊರಿಲ್ಲ, ಮುಟ್ಟಬೇಡ’ ಅನ್ನೋರು. ನೀರು ಹೊರಗೆ, ಉಪ್ಪು ಒಳಗೆ. ಸೋಯಾ ಸಾಸಿನಲ್ಲೂ ಕೆಲಸ ಮಾಡುವುದು ಉಪ್ಪೇ ಅಲ್ವಾ?

ಇನ್ನು ಮ್ಯಾರಿನೇಟ್. ಅದರ ಬೇರು ಲ್ಯಾಟಿನ್ನಿನ ಸಮುದ್ರ. ಮೊದಲ ಅರ್ಥ ಉಪ್ಪುನೀರಲ್ಲಿ ಹಾಕಿಡುವುದು. ಜಪಾನಿಯರು ‘ತ್ಸುಕೆರು’ ಅನ್ನುತ್ತಾರೆ, ಅವರ ಉಪ್ಪಿನಕಾಯಿ ‘ತ್ಸುಕೆಮೊನೊ’ ಹುಟ್ಟಿದ್ದೂ ಅದರಿಂದಲೇ. ಕೋಳಿಗೂ ಮೂಲಂಗಿಗೂ ಅವರಿಗೆ ಒಂದೇ ಕ್ರಿಯಾಪದ ಸಾಕು. ನಮಗೆ ಯಾಕೆ ಸಾಲದು?

ಕುಕ್ಕರು ಇಲ್ಲಿ ಇರಲಿಲ್ಲ, ವಸ್ತುವಿನ ಜೊತೆ ಹೆಸರೂ ಬಂತು. ಸೋಯಾ ಸಾಸ್, ಸಾಕೆ ಕೂಡ ಹಾಗೇ ಬರಲಿ. ಆದರೆ ಅಜ್ಜಿಯ ಕಾಲದಿಂದ ಮಾಡುತ್ತಿರುವ ಕೆಲಸಕ್ಕೆ ಹೆಸರು ಸಾಲ ತರುವುದು ಸಾಲವಲ್ಲ, ಸೋಮಾರಿತನ.

ಮರು:
ಸೋಮಾರಿತನ ಅನ್ನುವ ಮಾತು ಬೇಡವಾಗಿತ್ತು. ‘ಊರಿಸಿ’ ಅಂತ ನಮ್ಮ ಮನೆಯಲ್ಲಿ ಯಾರೂ ಹೇಳಲ್ಲ. ‘ಮಸಾಲೆ ಹಚ್ಚಿಡಿ’ ಅಂತೀವಿ. ಅದೂ ಅಚ್ಚಗನ್ನಡವಲ್ಲ, ಮಸಾಲೆ ಅರಬ್ಬಿಯಿಂದ ಬಂದದ್ದು. ಅದನ್ನು ಏನು ಮಾಡುತ್ತೀರಿ?

ಮರು:
ಇಬ್ಬರಿಗೂ ಧನ್ಯವಾದ. ಹಚ್ಚುವುದು ಒಂದು ನಿಮಿಷದ ಕೆಲಸ. ನನಗೆ ಬೇಕಿದ್ದದ್ದು ಆಮೇಲಿನ ಅರ್ಧ ಗಂಟೆಗೆ. ‘ಊರಿಸಿ’ ನನಗೂ ಗಟ್ಟಿ ಅನ್ನಿಸಿತು. ‘ಸಾಸ್ ಹಚ್ಚಿ ಅರ್ಧ ಗಂಟೆ ಊರಲು ಬಿಡಿ’ ಅಂತ ಹಾಕಿದೆ. ಅತ್ತೆಗೆ ಓದಿ ಹೇಳಿದೆ, ಅರ್ಥ ಕೇಳಲಿಲ್ಲ. ಎಷ್ಟು ಶುಂಠಿ ಅಂತ ಮಾತ್ರ ಕೇಳಿದರು.

ಈಗ ‘ಪಿಷ್ಟ’ ಉಳಿದಿದೆ. ಅಂಗಡಿಯಲ್ಲಿ ಕೇಳುವಾಗ ಏನನ್ನುತ್ತೀರಿ?