ಹೀನಾಯವಾಗಿ ಸೋತ ಕನ್ಸರ್ವೇಟಿವ್ ಪಕ್ಷ ಮೊದಲು ಕೈಹಾಕಬೇಕಾದದ್ದು ಯಾವುದಕ್ಕೆ?

ಮತಗಟ್ಟೆ:
2024ರ ಜುಲೈನಲ್ಲಿ ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷ 121 ಸ್ಥಾನಕ್ಕೆ ಕುಸಿಯಿತು. ಮತಪ್ರಮಾಣ ಶೇ. 23.7. ಅವರಿಗಿಂತ ಹೆಚ್ಚು ಬಲಪಂಥೀಯವಾದ ರಿಫಾರ್ಮ್ ಯುಕೆ ಪಕ್ಷ ಶೇ. 14.3 ಮತ ಪಡೆಯಿತು, ಇನ್ನೊಂದು ಮಗ್ಗುಲಲ್ಲಿ ಮಧ್ಯಪಂಥದ ಲಿಬರಲ್ ಡೆಮಾಕ್ರಾಟರು 72 ಸ್ಥಾನ ಗೆದ್ದರು. ಇಂಥ ಸೋಲಾದಾಗಲೆಲ್ಲ ಎರಡೇ ಸಲಹೆ ಕೇಳಿಬರುತ್ತವೆ: ಇನ್ನಷ್ಟು ಬಲಕ್ಕೆ ಸರಿಯಿರಿ, ಇಲ್ಲವೇ ಮಧ್ಯಕ್ಕೆ ಬನ್ನಿ. ನನಗೆ ತಿಳಿಯಬೇಕಿರುವುದು ಕೆಲಸದ ಕ್ರಮ. ನಾಯಕನ ಆಯ್ಕೆ, ನೀತಿ ಪರಿಷ್ಕರಣೆ, ಸಂಘಟನೆ, ಇವುಗಳಲ್ಲಿ ಯಾವುದು ಮೊದಲು? ಹಿಂದೆ ಹೀಗೆ ಬಿದ್ದು ಎದ್ದ ಪಕ್ಷಗಳು ಏನು ಮಾಡಿದವು?

ಕ್ಷೇತ್ರದರ್ಶಿ:
ಮೊದಲ ಕೆಲಸ, ಹೋದ ಮತ ಎಲ್ಲಿಗೆ ಹೋಯಿತೆಂದು ಕ್ಷೇತ್ರವಾರು ಲೆಕ್ಕ ಹಾಕುವುದು. ಹಿಂದಿನ ಸಲ ನಿಮಗೆ ಮತ ಹಾಕಿದವರನ್ನು ನಾಲ್ಕು ಗುಂಪು ಮಾಡಿ: ಬಲದ ಪ್ರತಿಸ್ಪರ್ಧಿಗೆ ಹೋದವರು, ಮಧ್ಯದ ಪಕ್ಷಕ್ಕೆ ಹೋದವರು, ಮುಖ್ಯ ಎದುರಾಳಿಗೆ ಹೋದವರು, ಮನೆಯಲ್ಲೇ ಉಳಿದವರು. ನಾಲ್ಕನೆಯವರನ್ನು ಪಕ್ಷಗಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫಲಿತಾಂಶದ ಪಟ್ಟಿಯಲ್ಲಿ ಅವರು ಕಾಣದಿರುವುದೇ ಕಾರಣ. ಇನ್ನೊಂದು ಎಚ್ಚರಿಕೆ: 2,000 ಜನರ ಸಮೀಕ್ಷೆಯಲ್ಲಿ ಒಟ್ಟಾರೆ ತಪ್ಪಿನ ಅಂತರ ಎರಡು ಶೇಕಡಾ ಅಂಶದಷ್ಟು. ಅದರೊಳಗೆ 200 ಜನರ ಗುಂಪನ್ನು ಬಿಡಿಸಿದರೆ ಅದು ಏಳರ ಹತ್ತಿರ ಹೋಗುತ್ತದೆ. ಅಂಥ ಅಂಕಿಯ ಮೇಲೆ ಪಕ್ಷದ ದಿಕ್ಕು ಬದಲಿಸಬಾರದು.

ಜೊತೆಯಲ್ಲೇ ಸಂಘಟನೆ ಶುರುವಾಗಬೇಕು. 1945ರಲ್ಲಿ ಚರ್ಚಿಲ್ ಪಕ್ಷ ಸೋತಾಗ ನಾಯಕ ಬದಲಾಗಲಿಲ್ಲ ಎಂಬುದನ್ನು ನೆನಪಿಡಿ. 1946ರಲ್ಲಿ ಪಕ್ಷದ ಅಧ್ಯಕ್ಷರಾದ ಲಾರ್ಡ್ ವೂಲ್ಟನ್ ಸದಸ್ಯತ್ವ ಅಭಿಯಾನ ನಡೆಸಿದರು, ನಿಧಿ ಕೂಡಿಸಿದರು. ಯುವ ಘಟಕ ಹುಟ್ಟಿದ್ದೂ ಆಗಲೇ. ನನ್ನ ಪ್ರಕಾರ ಎಲ್ಲಕ್ಕಿಂತ ದೊಡ್ಡದು 1949ರ ಮ್ಯಾಕ್ಸ್‌ವೆಲ್ ಫೈಫ್ ಸಮಿತಿಯ ಸುಧಾರಣೆ. ಅಲ್ಲಿಯವರೆಗೆ ಚುನಾವಣಾ ಖರ್ಚನ್ನು ಎಷ್ಟೋ ಕಡೆ ಅಭ್ಯರ್ಥಿಯೇ ಕೈಯಿಂದ ಹಾಕುತ್ತಿದ್ದ, ಹಾಗಾಗಿ ಟಿಕೆಟ್ ಹಣವಂತರ ಪಾಲಾಗುತ್ತಿತ್ತು. ಹೊಸ ನಿಯಮದಲ್ಲಿ ಅಭ್ಯರ್ಥಿ ಸ್ಥಳೀಯ ಘಟಕಕ್ಕೆ ವರ್ಷಕ್ಕೆ 25 ಪೌಂಡ್‌ಗಿಂತ, ಸಂಸದ 50 ಪೌಂಡ್‌ಗಿಂತ ಹೆಚ್ಚು ಕೊಡುವಂತಿರಲಿಲ್ಲ. ಉಳಿದದ್ದನ್ನು ಘಟಕವೇ ಜನರಿಂದ ಎತ್ತಬೇಕು. ಹಣ ಕೇಳಲು ಮನೆಮನೆಗೆ ಹೋಗುವ ಘಟಕಕ್ಕೆ ಮತದಾರರ ಪರಿಚಯ ತಾನಾಗಿ ಆಗುತ್ತದೆ. ಪಕ್ಷ 1950ರಲ್ಲಿ ಅಲ್ಪ ಅಂತರದಿಂದ ಸೋತು, 1951ರಲ್ಲಿ ಅಧಿಕಾರಕ್ಕೆ ಬಂತು.

ಉತ್ತರದಿಕ್ಕು:
ಬಲದಲ್ಲಿ ಮತ ಒಡೆದಾಗ ಎಲ್ಲರೂ ಹೇಳುವುದು "ಎರಡನ್ನೂ ಸೇರಿಸಿಬಿಡಿ" ಎಂದು. ಕೆನಡಾದ ಲೆಕ್ಕ ನೋಡಿ. 1993ರಲ್ಲಿ ಆಳುವ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಎರಡೇ ಸ್ಥಾನಕ್ಕೆ ಇಳಿಯಿತು, ಬಲದ ಹೊಸ ರಿಫಾರ್ಮ್ ಪಕ್ಷ (ಬ್ರಿಟನ್ನಿನದಲ್ಲ, ಕೆನಡಾದ್ದು) 52 ಗೆದ್ದಿತು. ವಿಲೀನಕ್ಕೆ ಹತ್ತು ವರ್ಷ ಹಿಡಿಯಿತು. 2000ದಲ್ಲಿ ಬಲದ ಎರಡೂ ಪಕ್ಷಗಳ ಮತ ಕೂಡಿಸಿದರೆ ಸುಮಾರು ಶೇ. 37.7. ವಿಲೀನವಾದ ಮೇಲೆ, 2004ರಲ್ಲಿ ಒಟ್ಟು ಪಕ್ಷಕ್ಕೆ ಬಂದದ್ದು ಶೇ. 29.6. ಅಂದರೆ ವಿಲೀನದ ಗಣಿತ ಕಾಗದದ ಮೇಲಿದ್ದಂತೆ ನಡೆಯಲಿಲ್ಲ. ಆದರೂ ಸ್ಥಾನ 99ಕ್ಕೆ ಏರಿತು, 2006ರಲ್ಲಿ 124 ಗೆದ್ದು ಸರ್ಕಾರ ರಚಿಸಿದರು. ವಿಲೀನ ನಿಂತದ್ದು ಒಂದು ಷರತ್ತಿನಿಂದ: ನಾಯಕನ ಆಯ್ಕೆಯಲ್ಲಿ ಪ್ರತಿ ಕ್ಷೇತ್ರಕ್ಕೂ ಸಮಾನವಾಗಿ 100 ಅಂಕ, ಸದಸ್ಯರು ಎಷ್ಟೇ ಇರಲಿ. ಸದಸ್ಯಬಲ ಹೆಚ್ಚಿದ್ದ ಪಶ್ಚಿಮದ ಪ್ರಾಂತ್ಯಗಳು ಪೂರ್ವವನ್ನು ನುಂಗದಂತೆ ಇದು ತಡೆಯಿತು. ಇಂಥ ಕಾವಲು ಬರೆಯದೆ ವಿಲೀನಕ್ಕೆ ಕೈಹಾಕಬೇಡಿ.

ವಿಲೀನ ಬೇಡವೆಂದರೆ ಸ್ವೀಡನ್ ದಾರಿ ಇದೆ. 2002ರಲ್ಲಿ ಅಲ್ಲಿನ ಬಲದ ಮಾಡರೇಟ್ ಪಕ್ಷ ಶೇ. 15.3ಕ್ಕೆ ಬಿತ್ತು. 2003ರಲ್ಲಿ ಅದರ ನಾಯಕರಾಗಿ ಬಂದ ರೀನ್‌ಫೆಲ್ಟ್ ಭಾರೀ ತೆರಿಗೆ ಕಡಿತದ ಭರವಸೆ ಕೈಬಿಟ್ಟು, ದುಡಿಯುವ ಸಾಮಾನ್ಯ ಆದಾಯದವರ ತೆರಿಗೆ ಇಳಿಸುವುದನ್ನು ಮುಂದಿಟ್ಟರು. 2004ರಲ್ಲಿ ನಾಲ್ಕು ಪಕ್ಷಗಳ ಒಕ್ಕೂಟ ಕಟ್ಟಿ, ಒಂದೇ ಪ್ರಣಾಳಿಕೆ ಹಿಡಿದು ಹೊರಟರು. 2006ರಲ್ಲಿ ಶೇ. 26.2 ಮತ, ಜೊತೆಗೆ ಸರ್ಕಾರ. ಸ್ವೀಡನ್ನಿನಲ್ಲಿ ಮತಪ್ರಮಾಣಕ್ಕೆ ತಕ್ಕಂತೆ ಸ್ಥಾನ ಸಿಗುವ ಅನುಪಾತ ಪದ್ಧತಿ ಇದ್ದುದರಿಂದ ಪಕ್ಷಗಳು ಬೇರೆಬೇರೆ ನಿಂತರೂ ಸ್ಥಾನ ಹಾಳಾಗಲಿಲ್ಲ. ಕ್ಷೇತ್ರದಲ್ಲಿ ಹೆಚ್ಚು ಮತ ಪಡೆದವರೇ ಗೆಲ್ಲುವ ಬ್ರಿಟನ್ನಿನ ಪದ್ಧತಿಯಲ್ಲಿ ಅದೇ ಆಟ ನಡೆಯದು.

ಮತಗಟ್ಟೆ:
ಇಬ್ಬರಿಗೂ ಧನ್ಯವಾದ. ನಾಯಕನ ಆಯ್ಕೆ ಎಷ್ಟು ಬೇಗ ಆಗಬೇಕು? ಪಕ್ಷಗಳು ಹೆಚ್ಚಾಗಿ ಎಡವುವುದು ಅಲ್ಲೇ ಅನಿಸುತ್ತದೆ.

ಕ್ಷೇತ್ರದರ್ಶಿ:
ಬೇಗ ಎನ್ನುವುದಕ್ಕಿಂತ ನಿಯಮ ಸರಿಯಿದೆಯೇ ಎನ್ನುವುದು ಮುಖ್ಯ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ 1998ರ ನಿಯಮದಂತೆ ಸ್ಪರ್ಧಿಗಳಲ್ಲಿ ಇಬ್ಬರನ್ನು ಸಂಸದರು ಉಳಿಸುತ್ತಾರೆ, ಪಕ್ಷದ ಸದಸ್ಯರು ಒಬ್ಬರನ್ನು ಆರಿಸುತ್ತಾರೆ. 2001ರಲ್ಲಿ ಸಂಸದರ ಕೊನೆಯ ಸುತ್ತಿನಲ್ಲಿ ಕ್ಲಾರ್ಕ್‌ಗೆ 59, ಡಂಕನ್ ಸ್ಮಿತ್‌ಗೆ 54, ಪೋರ್ಟಿಲೋಗೆ 53 ಮತ ಬಿದ್ದವು. ಸದಸ್ಯರು ಡಂಕನ್ ಸ್ಮಿತ್‌ರನ್ನು ಆರಿಸಿದರು. ಸಂಸದರಲ್ಲಿ ಮೂರನೆಯ ಒಂದು ಭಾಗದ ಬೆಂಬಲವಷ್ಟೇ ಇದ್ದ ನಾಯಕ ಸದನ ನಡೆಸುವುದು ಕಷ್ಟ. 2003ರ ಅಕ್ಟೋಬರಿನಲ್ಲಿ 90-75 ಅಂತರದಿಂದ ಸಂಸದರೇ ಅವರನ್ನು ಇಳಿಸಿದರು. ಎರಡು ವರ್ಷ ವ್ಯರ್ಥ. ಸೋತ ಪಕ್ಷದಲ್ಲಿ ಉಳಿಯುವ ಸಂಸದರು ಹೆಚ್ಚಾಗಿ ಸುಭದ್ರ ಕ್ಷೇತ್ರದವರು, ಸದಸ್ಯರು ಕಟ್ಟಾ ನಿಷ್ಠರು. ಕಳೆದುಹೋದ ಮತದಾರನ ದನಿ ಎರಡೂ ಕಡೆ ಇರುವುದಿಲ್ಲ. ಹಾಗಾಗಿ ಹಂಗಾಮಿ ನಾಯಕನನ್ನಿಟ್ಟು, ಮತ ಎಲ್ಲಿ ಹೋಯಿತೆಂಬ ವರದಿ ಬಂದ ಮೇಲೆ ಆಯ್ಕೆ ನಡೆಸುವುದು ಒಳ್ಳೆಯದು.

ಉತ್ತರದಿಕ್ಕು:
ವರದಿಯನ್ನು ಮಾತ್ರ ದೈವವಾಕ್ಯ ಮಾಡಿಕೊಳ್ಳಬೇಡಿ. 2013ರ ಮಾರ್ಚಿನಲ್ಲಿ ಅಮೆರಿಕದ ರಿಪಬ್ಲಿಕನ್ ಪಕ್ಷದ ಪರಾಮರ್ಶೆ ವರದಿ ವಲಸೆ ಸುಧಾರಣೆಯನ್ನು ಬೆಂಬಲಿಸಿ ಎಂದಿತು. ಟ್ರಂಪ್ ಅದಕ್ಕೆ ತದ್ವಿರುದ್ಧ ನಿಲುವು ಹಿಡಿದು 2016ರಲ್ಲಿ ಗೆದ್ದರು. ಎಣಿಕೆ, ದತ್ತಾಂಶ, ಕ್ಷೇತ್ರಕಾರ್ಯದ ವಿಷಯದಲ್ಲಿ ಇಂಥ ವರದಿಗಳನ್ನು ನಂಬಬಹುದು. ನೀತಿಯ ವಿಷಯದಲ್ಲಿ ಬರೆದವರ ಒಲವು ನುಸುಳಿರುತ್ತದೆ.

ನೀತಿಯನ್ನು ಪರೀಕ್ಷಿಸಲು ಸರಳ ವಿಧಾನವಿದೆ. ಒಂದೇ ಪ್ರಸ್ತಾವವನ್ನು ಅರ್ಧ ಜನರಿಗೆ ಪಕ್ಷದ ಹೆಸರು ಹೇಳಿ, ಇನ್ನರ್ಧಕ್ಕೆ ಹೇಳದೆ ಕೇಳಿ. ಹೆಸರು ಹೇಳಿದ ಕೂಡಲೇ ಬೆಂಬಲ ಕುಸಿದರೆ ಕೆಟ್ಟಿರುವುದು ಪಕ್ಷದ ಹೆಸರು. ಆಗ ಪ್ರಣಾಳಿಕೆ ತಿದ್ದಿ ಪ್ರಯೋಜನವಿಲ್ಲ. ಸ್ಥಳೀಯ ಸಂಸ್ಥೆಗಳಲ್ಲಿ ಗೆದ್ದು, ಆಡಳಿತ ಮಾಡಿ ತೋರಿಸಿ, ಅಲ್ಲಿಂದ ಹೊಸ ಅಭ್ಯರ್ಥಿಗಳನ್ನು ಎತ್ತಬೇಕು. ಹೆಸರು ಹೇಳಿದಾಗಲೂ ಹೇಳದಿದ್ದಾಗಲೂ ಬೆಂಬಲ ಒಂದೇ ರೀತಿ ಕಡಿಮೆ ಇದ್ದರೆ ಆ ನೀತಿಯನ್ನೇ ಕೈಬಿಡಿ.